‘ತಮಾಷೆಗೆ ಅಂದೆ’: ನೋಯಿಸುವ ನಗೆಮಾತು, ವಾಕ್‌ಸ್ವಾತಂತ್ರ್ಯ ಮತ್ತು ಅರ್ಥದ ಹೊಣೆ

ಸಾರಾಂಶ

ಅಂತರ್ಜಾಲ ಸಮುದಾಯಗಳಲ್ಲಿ ನೋಯಿಸುವ ನಗೆಮಾತಿನ ಸುತ್ತ ಏಳುವ ವಿವಾದಗಳಲ್ಲಿ ‘ತಮಾಷೆಗೆ ಅಂದೆ’ ಎಂಬ ಸಮರ್ಥನೆಯೂ ‘ನನ್ನನ್ನು ಅಂದ ಹಾಗಾಯಿತು’ ಎಂಬ ಆಕ್ಷೇಪವೂ ಎದುರಾಗುತ್ತವೆ. ಇವು ಒಂದೇ ಪ್ರಶ್ನೆಗೆ ದೊರೆತ ಎರಡು ವಿರುದ್ಧ ಉತ್ತರಗಳಲ್ಲ, ಎರಡು ಬೇರೆ ಪ್ರಶ್ನೆಗಳಿಗೆ ದೊರೆತ ಉತ್ತರಗಳು ಎಂಬುದನ್ನು ಈ ಲೇಖನ ವಿವರಿಸುತ್ತದೆ. 1988–89ರ ಯೂಸ್‌ನೆಟ್ ಪ್ರಕರಣ, ಕನ್ನಡದ ಉಕ್ತಿಕ್ರಿಯಾಪದಗಳ ವಿಭಕ್ತಿ ವ್ಯವಸ್ಥೆ ಹಾಗೂ ‘ಶ್ರೇಯಾ ಸಿಂಘಲ್’ ತೀರ್ಪು (2015) ಇಲ್ಲಿನ ಆಕರಗಳು. ನಗೆಮಾತಿನ ಅರ್ಥ ಸಂದರ್ಭಾಧೀನವಾಗಿರುವುದರಿಂದಲೇ ದಂಡನೆಯ ಕಾನೂನು ಸಂಕುಚಿತವಾಗಿರಬೇಕಾಗುತ್ತದೆ. ಅದೇ ಕಾರಣದಿಂದ ಸಂದರ್ಭವನ್ನು ಬಲ್ಲ ಸಮುದಾಯದ ಹೊಣೆ ಹಿರಿದಾಗುತ್ತದೆ.

ಪ್ರಮುಖ ಪದಗಳು: ವಾಕ್‌ಕ್ರಿಯೆ, ಪೂರ್ವಕಲ್ಪನೆ, ನಗೆಯ ಚೌಕಟ್ಟು, ಅನ್ಯಸನ್ನಿಧಿ, ದ್ವಿತೀಯಾ ವಿಭಕ್ತಿ, ವಾಕ್‌ಸ್ವಾತಂತ್ರ್ಯ

1. ಪೀಠಿಕೆ

ಕೆಲವು ವರ್ಷಗಳ ಹಿಂದೆ ಭಾಷಾವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳೂ ಕಿರಿಯ ಅಧ್ಯಾಪಕರೂ ಇದ್ದ ವಾಟ್ಸಾಪ್ ಗುಂಪೊಂದರಲ್ಲಿ, ಸದಸ್ಯೆಯೊಬ್ಬರ ಊರಿನ ಕನ್ನಡವನ್ನು ಅಣಕಿಸುವ ಸಂದೇಶವೊಂದು ಬಂದಿತು. ನಗುಮುಖದ ಚಿಹ್ನೆಗಳು ಸಾಲುಗಟ್ಟಿದವು. ಆ ಸದಸ್ಯೆ ಇದು ತಮಗೆ ಸರಿಕಾಣಲಿಲ್ಲವೆಂದು ಬರೆದಾಗ ಎರಡು ಉತ್ತರಗಳು ಬಂದವು. ಒಂದು, ‘ತಮಾಷೆಗೆ ಅಂದೆ, ಇಷ್ಟಕ್ಕೆಲ್ಲ ಬೇಜಾರು ಮಾಡಿಕೊಂಡರೆ ಹೇಗೆ?’ ಇನ್ನೊಂದು, ‘ಇಲ್ಲಿ ಮಾತಾಡುವ ಸ್ವಾತಂತ್ರ್ಯವೂ ಇಲ್ಲವೇ?’ ಮರುದಿನ ಅವರು ಗುಂಪನ್ನು ತೊರೆದರು. ಯಾವ ಉಪಭಾಷೆಯೂ ಇನ್ನೊಂದಕ್ಕಿಂತ ಕೀಳಲ್ಲವೆಂಬ ಪಾಠವನ್ನು ತರಗತಿಗಳಲ್ಲಿ ಹೇಳುತ್ತಿದ್ದವರೇ ಆ ಗುಂಪಿನಲ್ಲಿ ಹೆಚ್ಚಾಗಿದ್ದರು. ನಗುಮುಖದ ಚಿಹ್ನೆ ಒತ್ತಿದವರಲ್ಲಿ ನಾನೂ ಒಬ್ಬಳು.

ಈ ಪ್ರಸಂಗವನ್ನು ಇಲ್ಲಿ ಹೇಳುತ್ತಿರುವುದು ತಪ್ಪೊಪ್ಪಿಗೆಗಾಗಿ ಅಲ್ಲ. ನಮ್ಮ ಶಿಸ್ತಿನ ಸಾಮಗ್ರಿ ಕೈಯಲ್ಲಿದ್ದೂ ಆ ಹೊತ್ತಿನಲ್ಲಿ ನಡೆಯುತ್ತಿದ್ದುದನ್ನು ವಿವರಿಸಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ ಎಂಬುದು ಇಲ್ಲಿ ಮುಖ್ಯ. ಇಂಥ ವಿವಾದಗಳನ್ನು ಸಾಮಾನ್ಯವಾಗಿ ‘ಅಭಿವ್ಯಕ್ತಿ ಸ್ವಾತಂತ್ರ್ಯವೋ, ಭಾವನೆಗಳ ರಕ್ಷಣೆಯೋ’ ಎಂಬ ಎರಡು ತಟ್ಟೆಗಳ ತಕ್ಕಡಿಯಲ್ಲಿ ತೂಗಲಾಗುತ್ತದೆ. ತೂಗುವ ಮೊದಲು ತಟ್ಟೆಯಲ್ಲಿರುವುದು ಏನೆಂದು ತಿಳಿಯಬೇಕು. ಆಡಿದವರು ಏನನ್ನು ಉದ್ದೇಶಿಸಿದ್ದರು, ಆಡಿದ ಮಾತು ಆ ಸನ್ನಿವೇಶದಲ್ಲಿ ಏನನ್ನು ಮಾಡಿತು, ಅದರ ಬಗ್ಗೆ ಯಾರು ಏನು ಮಾಡಬಹುದು ಎಂಬ ಮೂರು ಪ್ರಶ್ನೆಗಳು ಇಲ್ಲಿ ಹೆಣೆದುಕೊಂಡಿವೆ. ಅವುಗಳನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

2. ಒಂದು ಹಳೆಯ ಪ್ರಕರಣ

ಈ ವಿವಾದ ಸಾಮಾಜಿಕ ಜಾಲತಾಣಗಳ ಜೊತೆಗೆ ಹುಟ್ಟಿದ್ದಲ್ಲ. ವಿಶ್ವವ್ಯಾಪಿ ಜಾಲ ಬರುವ ಮೊದಲೇ ವಿಶ್ವವಿದ್ಯಾನಿಲಯಗಳ ಗಣಕಗಳ ನಡುವೆ ಹರಡಿಕೊಂಡಿದ್ದ ಯೂಸ್‌ನೆಟ್ ಎಂಬ ಚರ್ಚಾಜಾಲದಲ್ಲಿ ಇದರ ಎಲ್ಲ ಅಂಗಗಳೂ ಕಾಣಿಸಿಕೊಂಡಿದ್ದವು. 1987ರಲ್ಲಿ ಬ್ರಾಡ್ ಟೆಂಪಲ್‌ಟನ್ ಅವರು ‘ರೆಕ್.ಹ್ಯೂಮರ್.ಫನ್ನಿ’ ಎಂಬ ನಗೆಹನಿಗಳ ಗುಂಪನ್ನು ಆರಂಭಿಸಿದರು. ಅದು ಸಂಪಾದಿತ ಗುಂಪು. ಓದುಗರು ಕಳಿಸಿದ್ದರಲ್ಲಿ ಸಂಪಾದಕರು ಆರಿಸಿದ್ದು ಮಾತ್ರ ಪ್ರಕಟವಾಗುತ್ತಿತ್ತು. 1988ರ ನವೆಂಬರಿನಲ್ಲಿ ಅಲ್ಲಿ ಸ್ಕಾಟ್ ಜನರೂ ಯಹೂದಿಗಳೂ ಜಿಪುಣರೆಂಬ ಹಳೆಯ ಪಡಿಯಚ್ಚನ್ನು ನೆಚ್ಚಿದ ನಗೆಹನಿಯೊಂದು ಬಂದಿತು. ನಾಜಿ ಜರ್ಮನಿಯಲ್ಲಿ ಯಹೂದಿಗಳ ಅಂಗಡಿಗಳನ್ನೂ ಪ್ರಾರ್ಥನಾ ಮಂದಿರಗಳನ್ನೂ ಧ್ವಂಸಗೊಳಿಸಿದ ‘ಕ್ರಿಸ್ಟಾಲ್‌ನಾಖ್ಟ್’ ರಾತ್ರಿಗೆ (1938, ನವೆಂಬರ್ 9–10) ಅದೇ ತಿಂಗಳು 50 ವರ್ಷ ತುಂಬಿತ್ತು.

ಆಕ್ಷೇಪ ಎದ್ದಿತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯ ತನ್ನ ಗಣಕಗಳಲ್ಲಿ ಆ ಗುಂಪನ್ನು ನಿಲ್ಲಿಸಿತು. 1989ರ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಗಣಕ ಸೇವಾ ಆಡಳಿತವೂ ಹಾಗೆಯೇ ಮಾಡಿತು. ಕೃತಕ ಬುದ್ಧಿಮತ್ತೆಯ ಆದ್ಯರಲ್ಲಿ ಒಬ್ಬರೂ ಲಿಸ್ಪ್ ಭಾಷೆಯ ನಿರ್ಮಾತೃವೂ ಆದ ಜಾನ್ ಮೆಕಾರ್ಥಿ ಅಲ್ಲಿ ಪ್ರತಿಭಟನೆಯ ನೇತೃತ್ವ ವಹಿಸಿದರು. ಗಣಕಜಾಲದಲ್ಲಿರುವ ಬರಹಗಳನ್ನು ಗ್ರಂಥಾಲಯದ ಪುಸ್ತಕಗಳಂತೆ ಕಾಣಬೇಕು, ಯಾರಿಗೋ ಅಪ್ರಿಯವೆಂಬ ಕಾರಣಕ್ಕೆ ತೆಗೆಯಕೂಡದು ಎಂಬುದು ಅವರ ಪಕ್ಷದ ತಿರುಳು. ವಿಶ್ವವಿದ್ಯಾನಿಲಯ ನಿಷೇಧವನ್ನು ಹಿಂತೆಗೆದುಕೊಂಡಿತು.

ಈ ಪ್ರಕರಣದಲ್ಲಿ ಎರಡು ಪಕ್ಷಗಳೂ ಬೇರೆ ಬೇರೆ ವಸ್ತುಗಳ ಬಗ್ಗೆ ಮಾತನಾಡುತ್ತಿದ್ದವು ಎಂಬುದು ಗಮನಾರ್ಹ. ಮೆಕಾರ್ಥಿಯವರ ಹೋಲಿಕೆಯಲ್ಲಿ ನಗೆಹನಿ ಒಂದು ಪಠ್ಯ: ಕಪಾಟಿನಲ್ಲಿದೆ, ಬೇಕಾದವರು ತೆರೆದು ನೋಡುತ್ತಾರೆ. ಆಕ್ಷೇಪಿಸಿದವರ ದೃಷ್ಟಿಯಲ್ಲಿ ಅದು ಒಂದು ಉಕ್ತಿ: ಇಂಥ ದಿನಗಳಲ್ಲಿ, ಇಂಥವರು ಸೇರಿದ್ದ ಸಭೆಯಲ್ಲಿ ಆಡಿದ್ದು. ಪಠ್ಯಕ್ಕೆ ದೇಶಕಾಲಗಳ ಹಂಗು ಕಡಿಮೆ. ಉಕ್ತಿ ದೇಶಕಾಲಗಳಿಲ್ಲದೆ ಇಲ್ಲವೇ ಇಲ್ಲ. ಅಂತರ್ಜಾಲದ ಬರಹ ಒಂದೇ ಹೊತ್ತಿಗೆ ಎರಡೂ ಆಗಿರುವುದರಿಂದ ಈ ಎರಡು ದೃಷ್ಟಿಗಳಲ್ಲಿ ಯಾವುದನ್ನೂ ತಳ್ಳಿಹಾಕಲಾಗದು.

3. ಚೌಕಟ್ಟು ಏನನ್ನು ರಕ್ಷಿಸುತ್ತದೆ?

ಆಸ್ಟಿನ್ ಅವರು 1955ರ ಉಪನ್ಯಾಸಗಳಲ್ಲಿ (ಪ್ರಕಟಣೆ 1962) ವಾಕ್‌ಕ್ರಿಯೆಯ ಸಿದ್ಧಾಂತವನ್ನು ಕಟ್ಟುವಾಗ ರಂಗದ ಮೇಲಿನ ಮಾತು, ಕಾವ್ಯ, ಹಾಸ್ಯ ಇವುಗಳನ್ನು ಸಹಜ ಬಳಕೆಯ ಮೇಲೆ ಬೆಳೆದ ಪರಾವಲಂಬಿ ಬಳಕೆಗಳೆಂದು ಬದಿಗಿಟ್ಟರು. ಅದೇ 1955ರಲ್ಲಿ ಬೇಟ್‌ಸನ್, ಆಟದ ಕಡಿತಕ್ಕೂ ನಿಜವಾದ ಕಡಿತಕ್ಕೂ ಇರುವ ವ್ಯತ್ಯಾಸ ‘ಇದು ಆಟ’ ಎಂಬ ಮೇಲ್‌ಸೂಚನೆಯಲ್ಲಿದೆ ಎಂದು ತೋರಿಸಿದರು. ಆ ಸೂಚನೆ ಎಂದೂ ಪೂರ್ತಿ ಖಚಿತವಲ್ಲ, ‘ಇದು ಆಟವೇ?’ ಎಂಬ ಪ್ರಶ್ನೆಯ ಸುತ್ತಲೇ ಕಟ್ಟಿದ ಆಟಗಳೂ ಇವೆ ಎಂಬುದನ್ನೂ ಅವರು ಗುರುತಿಸಿದ್ದರು. ರಾಸ್ಕಿನ್ (1985) ಹಾಸ್ಯವನ್ನು, ಸತ್ಯ ಹೇಳುವ ಬದ್ಧತೆಯಿಂದ ಬಿಡುಗಡೆ ಪಡೆದ ಸಂವಹನ ವಿಧಾನವೆಂದು ಕರೆದರು. ಎರಡು ವಿರುದ್ಧ ಸನ್ನಿವೇಶ ಚೌಕಟ್ಟುಗಳು ಒಂದೇ ಪಠ್ಯಕ್ಕೆ ಹೊಂದುವುದರಿಂದ ನಗೆ ಹುಟ್ಟುತ್ತದೆ ಎಂಬುದು ಅವರ ಪ್ರತಿಪಾದನೆ.

ಈ ಮೂರೂ ವಿವರಣೆಗಳು ‘ತಮಾಷೆಗೆ ಅಂದೆ’ ಎಂಬ ಸಮರ್ಥನೆಗೆ ಬಲ ಕೊಡುವಂತೆ ಕಾಣುತ್ತವೆ. ಹಾಸ್ಯದಲ್ಲಿ ಪ್ರತಿಪಾದನೆ ಇಲ್ಲದಿದ್ದರೆ ಅದಕ್ಕೆ ಹೊಣೆ ಹೇಗೆ? ಇಲ್ಲಿ ಪ್ರತಿಪಾದಿತ ಅರ್ಥವನ್ನೂ ಪೂರ್ವಕಲ್ಪಿತ ಅರ್ಥವನ್ನೂ ಬೇರ್ಪಡಿಸಬೇಕು. ಯೂಸ್‌ನೆಟ್ಟಿನ ಆ ನಗೆಹನಿ ‘ಯಹೂದಿಗಳು ಜಿಪುಣರು’ ಎಂದು ಎಲ್ಲಿಯೂ ಹೇಳುವುದಿಲ್ಲ. ಅದು ಒಂದು ಕಲ್ಪಿತ ಘಟನೆಯನ್ನು ಹೇಳುತ್ತದೆ, ಅಷ್ಟೆ. ಘಟನೆ ನಗೆಯಾಗಿ ಒಡೆಯಬೇಕಾದರೆ ಪಡಿಯಚ್ಚನ್ನು ಕೇಳುಗರೇ ತಂದು ಹಾಕಬೇಕು. ಉಪಭಾಷೆಯ ಅಣಕದಲ್ಲಿಯೂ ಹೀಗೆಯೇ: ‘ಹೀಗೆ ಮಾತಾಡುವವರು ದಡ್ಡರು’ ಎಂದು ಯಾರೂ ಹೇಳುವುದಿಲ್ಲ, ಆದರೆ ಆ ಭಾವನೆ ಕೈಗೆ ಸಿಗದಿದ್ದರೆ ಅಣಕದಲ್ಲಿ ನಗಲು ಏನೂ ಉಳಿಯುವುದಿಲ್ಲ.

‘ಇದು ಆಟ’ ಎಂಬ ಚೌಕಟ್ಟು ಪ್ರತಿಪಾದನೆಯನ್ನು ಅಮಾನತಿನಲ್ಲಿಡುತ್ತದೆ. ಕಲ್ಪಿತ ಘಟನೆ ನಡೆದಿದೆ ಎಂಬ ಹೊಣೆ ಆಡಿದವರ ಮೇಲಿಲ್ಲ. ಪೂರ್ವಕಲ್ಪನೆಗೆ ಆ ರಕ್ಷಣೆ ತಲುಪುವುದಿಲ್ಲ. ನಿಷೇಧ, ಪ್ರಶ್ನೆ, ಷರತ್ತು ಮುಂತಾದ ರಚನೆಗಳ ಒಳಗಿಂದಲೂ ಪೂರ್ವಕಲ್ಪನೆ ಹೊರಚಾಚುವುದು ಅರ್ಥವಿಜ್ಞಾನದಲ್ಲಿ ಪರಿಚಿತ ಸಂಗತಿ. ‘ಅವನು ಕುಡಿಯುವುದನ್ನು ಬಿಟ್ಟನೇ?’ ಎಂದು ಬರಿದೆ ಕೇಳಿದರೂ ಅವನು ಕುಡಿಯುತ್ತಿದ್ದನೆಂಬುದು ನಿಂತೇ ಇರುತ್ತದೆ. ಹಾಸ್ಯದ ಚೌಕಟ್ಟಿನಿಂದಲೂ ಪೂರ್ವಕಲ್ಪನೆ ಹೀಗೆಯೇ ಹೊರಚಾಚುತ್ತದೆ ಎಂದು ಭಾವಿಸಲು ಅವಕಾಶವಿದೆ. ಲೂಯಿಸ್ (1979) ತೋರಿಸಿದಂತೆ, ಯಾರೂ ತಡೆಯದಿದ್ದರೆ ಪೂರ್ವಕಲ್ಪನೆ ಸಂವಾದದ ಸಮಾನ ನೆಲೆಗೆ ತಾನಾಗಿ ಸೇರಿಕೊಳ್ಳುತ್ತದೆ. ನಗು ಎಂಬುದು ತಡೆಯಲಿಲ್ಲ ಎಂಬುದರ ಬಹಿರಂಗ ಗುರುತು.

ನಗೆಮಾತಿಗೆ ‘ಇದು ಸುಳ್ಳು’ ಎಂಬ ಉತ್ತರ ಏಕೆ ಪೆದ್ದುಪೆದ್ದಾಗಿ ಕೇಳಿಸುತ್ತದೆ ಎಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ಅಲ್ಲಗಳೆಯುವ ಮಾತು ಪ್ರತಿಪಾದನೆಗೆ ತಾಗುತ್ತದೆ. ಇಲ್ಲಿ ತಾಗಲು ಪ್ರತಿಪಾದನೆಯೇ ಇಲ್ಲ. ಪೂರ್ವಕಲ್ಪನೆಯನ್ನು ತಡೆಯಬೇಕಾದವರು ಆಟವನ್ನೇ ನಿಲ್ಲಿಸಬೇಕು. ನಿಲ್ಲಿಸಿದವರಿಗೆ ‘ಹಾಸ್ಯಪ್ರಜ್ಞೆ ಇಲ್ಲ’ ಎಂಬ ಹಣೆಪಟ್ಟಿ ಸಿದ್ಧವಿರುತ್ತದೆ. ಜೆನಿಫರ್ ಸಾಲ್ (2017) ವರ್ಣಭೇದದ ಮಾತಿಗೆ ಜೊತೆಯಾಗಿ ಬಂದು ಅದು ವರ್ಣಭೇದವೆಂದು ಕಾಣದಂತೆ ಮರೆಮಾಡುವ ಉಕ್ತಿಗಳನ್ನು ಅಂಜೂರದ ಎಲೆಗೆ ಹೋಲಿಸಿದ್ದಾರೆ. ‘ತಮಾಷೆಗೆ ಅಂದೆ’ ಕೆಲವೊಮ್ಮೆ ಅಂಥ ಎಲೆ. ಕೆಲವೊಮ್ಮೆ ಅದು ಪ್ರಾಮಾಣಿಕ ವರದಿಯೂ ಹೌದು. ಈ ಎರಡನ್ನೂ ವಾಕ್ಯದ ರೂಪದಿಂದ ಬೇರ್ಪಡಿಸಲಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಪಡಿಯಚ್ಚನ್ನು ಗುರುತಿಸುವುದೂ ನಂಬುವುದೂ ಒಂದೇ ಅಲ್ಲ. ನಂಬದವರೂ ನಗಬಹುದು, ಪಡಿಯಚ್ಚನ್ನೇ ಗೇಲಿ ಮಾಡುವ ನಗೆಹನಿಗಳೂ ಇವೆ. ಈ ಮಾತು ನಿಜ. ಆದ್ದರಿಂದಲೇ ನಗೆಹನಿಯ ಪಠ್ಯ ಮಾತ್ರದಿಂದ ಅದು ಏನು ಮಾಡಿತೆಂದು ತೀರ್ಮಾನಿಸಲಾಗದು. ಯಾರು, ಯಾರ ಮುಂದೆ ಎಂಬುದು ಸೇರಬೇಕು.

4. ಅನ್ಯಸನ್ನಿಧಿ

11ನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಮಮ್ಮಟನು ‘ಕಾವ್ಯಪ್ರಕಾಶ’ದ ಮೂರನೆಯ ಉಲ್ಲಾಸದಲ್ಲಿ, ಅರ್ಥವು ಧ್ವನಿಯನ್ನು ಹೊಮ್ಮಿಸಲು ಕಾರಣವಾಗುವ ಅಂಶಗಳನ್ನು ಪಟ್ಟಿಮಾಡುತ್ತಾನೆ: ಆಡುವವರು, ಆಡಿಸಿಕೊಳ್ಳುವವರು, ಧ್ವನಿಯ ಏರಿಳಿತ, ವಾಕ್ಯ, ವಾಚ್ಯಾರ್ಥ, ಅನ್ಯಸನ್ನಿಧಿ, ಪ್ರಸ್ತಾವ, ದೇಶ, ಕಾಲ ಇತ್ಯಾದಿ. ಇವುಗಳಲ್ಲಿ ‘ಅನ್ಯಸನ್ನಿಧಿ’, ಅಂದರೆ ಮೂರನೆಯವರೊಬ್ಬರ ಇರವು, ನಮಗೆ ಬಹಳ ಉಪಯುಕ್ತ. ಅದಕ್ಕೆ ಅವನು ಕೊಡುವ ಉದಾಹರಣೆಯಲ್ಲಿ ಹೆಂಗಸೊಬ್ಬಳು ಅತ್ತೆ ದಿನವಿಡೀ ದುಡಿಸುತ್ತಾಳೆ, ಸಂಜೆ ಮಾತ್ರ ತುಸು ಬಿಡುವು ಎಂದು ಹೇಳಿಕೊಳ್ಳುತ್ತಾಳೆ. ಹತ್ತಿರದಲ್ಲಿರುವ ಇನ್ನೊಬ್ಬರಿಗೆ ಅದು ಸಂಕೇತದ ಸಮಯ. ವಾಕ್ಯ ಒಂದೇ ಆದರೂ ಕೇಳುವ ಕಿವಿಗಳಿಗೆ ತಕ್ಕಂತೆ ಎರಡು ಕ್ರಿಯೆಗಳು ನಡೆದಿವೆ.

ಗಾಫ್‌ಮನ್ (1981) ಕೇಳುಗರನ್ನು ಮಾನ್ಯ ಸಹಭಾಗಿಗಳು, ಅಕ್ಕಪಕ್ಕದವರು, ಕದ್ದು ಕೇಳುವವರು ಎಂದು ವಿಂಗಡಿಸಿದ್ದು ಇದೇ ಜಾಡಿನ ವಿಸ್ತರಣೆಯಂತಿದೆ. ಮುಖಾಮುಖಿ ಮಾತಿನಲ್ಲಿ ನಾವು ಸುತ್ತ ನೋಡಿ ಮಾತಾಡುತ್ತೇವೆ. ಜಗಲಿಯ ಮೇಲೆ ಆಡುವ ಮಾತನ್ನು ನೆಂಟರ ಮುಂದೆ ಆಡುವುದಿಲ್ಲ. ಮಾರ್ವಿಕ್ ಮತ್ತು ಬಾಯ್ಡ್ (2011) ಟ್ವಿಟರ್ ಬಳಕೆಯ ಅಧ್ಯಯನದಲ್ಲಿ ವಿವರಿಸಿದ ‘ಸಂದರ್ಭಗಳ ಕುಸಿತ’ದಲ್ಲಿ ಈ ಗೋಡೆಗಳು ಬೀಳುತ್ತವೆ. ಗೆಳೆಯರು, ಮೇಲಧಿಕಾರಿ, ಅಪರಿಚಿತರು, ಗೇಲಿಗೆ ಗುರಿಯಾದವರು ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ. ಅನ್ಯಸನ್ನಿಧಿ ಇಲ್ಲಿ ಆಗಾಗ ಒದಗುವ ಸ್ಥಿತಿಯಲ್ಲ, ನಿತ್ಯದ ಸ್ಥಿತಿ.

ಯೂಸ್‌ನೆಟ್ ಬಳಕೆದಾರರಿಗೆ ಈ ಸಮಸ್ಯೆಯ ಅರಿವಿತ್ತು ಎಂಬುದಕ್ಕೆ ‘ರಾಟ್13’ ಎಂಬ ರೂಢಿ ಸಾಕ್ಷಿ. ಕೆಲವರಿಗೆ ಅಹಿತವಾಗಬಹುದಾದ ನಗೆಹನಿಯ ಪ್ರತಿ ಅಕ್ಷರವನ್ನೂ ರೋಮನ್ ವರ್ಣಮಾಲೆಯಲ್ಲಿ ಅದರಿಂದ 13 ಸ್ಥಾನ ಮುಂದಿರುವ ಅಕ್ಷರಕ್ಕೆ ಬದಲಿಸಿ ಪ್ರಕಟಿಸಲಾಗುತ್ತಿತ್ತು. ವರ್ಣಮಾಲೆಯಲ್ಲಿ 26 ಅಕ್ಷರಗಳಿರುವುದರಿಂದ ಅದೇ ಬದಲಾವಣೆಯನ್ನು ಇನ್ನೊಮ್ಮೆ ಮಾಡಿದರೆ ಮೂಲಪಠ್ಯ ಸಿಗುತ್ತದೆ. ಗುಟ್ಟು ಕಾಯುವುದು ಇದರ ಉದ್ದೇಶವಲ್ಲ. ಯಾರು ಬೇಕಾದರೂ ಬಿಡಿಸಬಹುದಿತ್ತು. ಬಿಡಿಸುವ ಕೆಲಸವನ್ನು ಓದುಗರೇ ಮಾಡಬೇಕಾದ್ದರಿಂದ ಅವರು ಆಕಸ್ಮಿಕ ಕೇಳುಗರ ಸ್ಥಾನದಿಂದ ಮಾನ್ಯ ಸಹಭಾಗಿಯ ಸ್ಥಾನಕ್ಕೆ ತಾವೇ ದಾಟುತ್ತಿದ್ದರು. ಮಾತನ್ನು ಅಳಿಸದೆ ಸಹಭಾಗಿತ್ವದ ವಿನ್ಯಾಸವನ್ನು ಬದಲಿಸಿದ ಉಪಾಯವಿದು. ವಾಕ್‌ಸ್ವಾತಂತ್ರ್ಯದ ಚರ್ಚೆಯಲ್ಲಿ ‘ಇರಲಿ’ ಮತ್ತು ‘ತೆಗೆಯಿರಿ’ ಎಂಬೆರಡೇ ದಾರಿಗಳಿವೆ ಎಂದು ಭಾವಿಸುವವರಿಗೆ ಇದು ನೆನಪಿರಬೇಕು.

5. ಕನ್ನಡದ ಸಾಕ್ಷ್ಯ: ‘ಅನ್ನು’, ‘ಹೇಳು’, ‘ಆಗು’

ಉದ್ದೇಶಕ್ಕೂ ಆದದ್ದಕ್ಕೂ ಇರುವ ಈ ಅಂತರವನ್ನು ಕನ್ನಡ ತನ್ನ ವ್ಯಾಕರಣದಲ್ಲಿಯೇ ಗುರುತಿಸುತ್ತದೆ. ಕೆಳಗಿನ ಉದಾಹರಣೆಗಳು ನನ್ನ ಸ್ವಂತ ಬಳಕೆಯಾದ ಹಳೆ ಮೈಸೂರು ಭಾಗದ ಕನ್ನಡಕ್ಕೆ ಸೇರಿದವು.

(1) ಅವನು ನನಗೆ ಏನೋ ಹೇಳಿದ.
(2) ಅವನು ನನ್ನನ್ನು ಏನೋ ಅಂದ.

(1)ರಲ್ಲಿ ಕೇಳುಗರು ಚತುರ್ಥಿಯಲ್ಲಿದ್ದಾರೆ. ಮಾತು ಅವರಿಗೆ ತಲುಪಿದೆ. (2)ರಲ್ಲಿ ದ್ವಿತೀಯೆಯಲ್ಲಿದ್ದಾರೆ, ಮಾತು ಅವರ ಮೇಲೆ ಬಿದ್ದಿದೆ. (2)ನ್ನು ಕೇಳಿದವರು ಆಡಿದ ಪದಗಳು ತಿಳಿಯದಿದ್ದರೂ ಅದು ಒಳ್ಳೆಯ ಮಾತಲ್ಲವೆಂದು ಊಹಿಸುತ್ತಾರೆ. ‘ಯಾರನ್ನೂ ಏನೂ ಅನ್ನಬೇಡ’ ಎಂಬ ಮನೆಮಾತಿನ ಬುದ್ಧಿವಾದವೂ ಇದೇ ಅರ್ಥದ್ದು. ‘ಹೇಳು’ ಕೂಡ ದ್ವಿತೀಯೆಯನ್ನು ತೆಗೆದುಕೊಂಡಾಗ ದೂರುವ ಅರ್ಥಕ್ಕೆ ಹೊರಳುತ್ತದೆ: ‘ಅವರನ್ನು ಹೇಳಿ ಏನು ಪ್ರಯೋಜನ?’ ‘ಹೊಗಳು’, ‘ಕರೆ’, ‘ಮಾತಾಡಿಸು’ ಮುಂತಾದವೂ ದ್ವಿತೀಯೆಯನ್ನು ಬಯಸುವುದರಿಂದ ಆ ವಿಭಕ್ತಿಗೆ ನೋವಿನ ಅರ್ಥ ಸ್ವತಃ ಇದೆಯೆನ್ನಲಾಗದು. ವ್ಯಕ್ತಿ ಮಾತಿನ ಪಡೆಯುವವರಲ್ಲ, ಗುರಿ ಎಂಬುದನ್ನು ಅದು ಸೂಚಿಸುತ್ತದೆ. ಸ್ವತಃ ತಟಸ್ಥವಾದ ‘ಅನ್ನು’, ‘ಹೇಳು’ಗಳಲ್ಲಿ ಆ ಗುರಿತನ ನಿಂದೆಯಾಗಿ ತಿಳಿಯುತ್ತದೆ.

ನಗೆಯ ಪದಗಳಲ್ಲಿಯೂ ಇದೇ ವಿಂಗಡಣೆ ಇದೆ.

(3) ಅವಳ ಜೊತೆ ತಮಾಷೆ ಮಾಡಿದೆ.
(4) ಅವಳನ್ನು ತಮಾಷೆ ಮಾಡಿದೆ.
(5) ಅವಳನ್ನು ಗೇಲಿ / ಲೇವಡಿ / ಅಪಹಾಸ್ಯ ಮಾಡಿದೆ.

‘ತಮಾಷೆ’ ಎರಡೂ ರಚನೆಗಳಿಗೆ ಒಗ್ಗುತ್ತದೆ. ‘ಅವಳ ಜೊತೆ ಲೇವಡಿ ಮಾಡಿದೆ’ ಎಂಬುದು ಒಗ್ಗುವುದಿಲ್ಲ. ಸಮರ್ಥಿಸಿಕೊಳ್ಳುವವರು ‘ಲೇವಡಿಗೆ ಅಂದೆ’ ಎನ್ನದೆ ‘ತಮಾಷೆಗೆ ಅಂದೆ’ ಎನ್ನುವುದು ಆಕಸ್ಮಿಕವಲ್ಲ. ಜೊತೆಗೂಡಿ ನಕ್ಕೆವೆಂಬ ಓದು ಸಾಧ್ಯವಿರುವ ಪದವನ್ನು ಅವರು ಆರಿಸಿಕೊಳ್ಳುತ್ತಾರೆ. ಆಕ್ಷೇಪಿಸುವವರು ಅದೇ ಘಟನೆಯನ್ನು (4) ಅಥವಾ (5)ರ ರಚನೆಯಲ್ಲಿ ವರದಿ ಮಾಡುತ್ತಾರೆ. ಭರತನ ನಾಟ್ಯಶಾಸ್ತ್ರ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ವಿಂಗಡಿಸುತ್ತದೆ: ತಾನೇ ನಗುವುದು ಒಂದು, ಇತರರನ್ನು ನಗಿಸುವುದು ಇನ್ನೊಂದು. ನಗೆಗೆ ಗುರಿಯಾದವರ ಸ್ಥಾನ ಈ ಜೋಡಿಯಲ್ಲಿ ಇಲ್ಲ. ಅದನ್ನು ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆ ಒದಗಿಸುತ್ತದೆ. ಆಟ ಸುಳ್ಳೆಂದು ಗಾದೆ ಹೇಳುವುದಿಲ್ಲ. ಚೆಲ್ಲಾಟವೂ ನಿಜ, ಸಂಕಟವೂ ನಿಜ.

ಇನ್ನು ‘ತಮಾಷೆಗೆ’ ಎಂಬ ಚತುರ್ಥ್ಯಂತ ಪದ ಯಾರಿಗೆ ಸೇರುತ್ತದೆ ಎಂಬುದನ್ನು ನೋಡಬೇಕು.

(6) ಅವನು ತಮಾಷೆಗೆ ಅಂದ.
(7) ನಾನು ಎಲ್ಲರ ಮುಂದೆ ಅನ್ನಿಸಿಕೊಂಡೆ.
(8) ನಾನು ತಮಾಷೆಗೆ ಅನ್ನಿಸಿಕೊಂಡೆ.

(7)ರಲ್ಲಿ ಮಾತಿಗೆ ಗುರಿಯಾದವರು ಕರ್ತೃವಾಗಿದ್ದಾರೆ. (8) ವ್ಯಾಕರಣಬದ್ಧವೇ, ಆದರೆ ಅರ್ಥ ಬದಲಾಗುತ್ತದೆ: ಅನ್ನಿಸಿಕೊಂಡವರಿಗೇ ತಮಾಷೆ ಬೇಕಿತ್ತು ಎಂದಾಗುತ್ತದೆ. ಅಂದವರ ಉದ್ದೇಶವನ್ನು ‘ತಮಾಷೆಗೆ’ ಇಲ್ಲಿ ಸೂಚಿಸಲಾರದು. ಉದ್ದೇಶಸೂಚಕ ಪದ ಕರ್ತೃವಿಗೆ ಅಂಟಿಕೊಳ್ಳುತ್ತದೆ. ಕರ್ತೃಸ್ಥಾನ ಬದಲಾದೊಡನೆ ಸಮರ್ಥನೆಗೆ ಜಾಗವಿರುವುದಿಲ್ಲ. ‘ತಮಾಷೆಗೆ ಅಂದೆ’ ಎಂಬುದು ‘ಅನ್ನಿಸಿಕೊಂಡೆ’ ಎಂಬ ವರದಿಯನ್ನು ಅಲ್ಲಗಳೆಯುವುದಿಲ್ಲ ಎಂಬುದಕ್ಕೆ ಇದು ವ್ಯಾಕರಣದ ಸಾಕ್ಷ್ಯ.

ಕಡೆಯದಾಗಿ ‘ಆಗು’. ‘ನಾನು ಹಾಗೆ ಅನ್ನಲಿಲ್ಲ’ ಎಂಬುದಕ್ಕೆ ಕನ್ನಡದಲ್ಲಿ ಸಹಜವಾದ ಮರುಮಾತು ‘ಅಂದ ಹಾಗಾಯಿತು’. ಆಡಿದವರ ಮನಸ್ಸನ್ನು ಪ್ರಶ್ನಿಸದೆ, ಮಾತಿನ ಫಲವನ್ನು ಮಾತ್ರ ಹೆಸರಿಸುವ ಈ ರಚನೆ ನ್ಯಾಯವಾದ ದೂರಿಗೆ ಒಳ್ಳೆಯ ಸಾಧನ. ಅದೇ ‘ಆಗು’ ಕ್ಷಮೆಯಾಚನೆಯಲ್ಲಿ ಬೇರೆ ಕೆಲಸ ಮಾಡುತ್ತದೆ. ‘ನಿಮ್ಮನ್ನು ನೋಯಿಸಿದೆ, ಕ್ಷಮಿಸಿ’ ಎಂಬಲ್ಲಿ ಕರ್ತೃ ಇದ್ದಾನೆ. ‘ನಿಮಗೆ ನೋವಾಗಿದ್ದರೆ ಕ್ಷಮಿಸಿ’ ಎಂಬಲ್ಲಿ ಕರ್ತೃ ಮರೆಯಾಗಿದ್ದಾನೆ, ನೋವು ಷರತ್ತಿನೊಳಗೆ ಸೇರಿದೆ. ದೂರುವವರು ‘ಆಗು’ ಬಳಸಿದರೆ ಎದುರಿನವರಿಗೆ ಸಂಶಯದ ಲಾಭ ದೊರೆಯುತ್ತದೆ. ಕ್ಷಮೆ ಕೇಳುವವರು ಬಳಸಿದರೆ ಆ ಲಾಭ ಅವರಿಗೇ ದೊರೆಯುತ್ತದೆ. ಎರಡೂ ಸಲ ಲಾಭ ಆಡಿದವರ ಕಡೆಗೇ ಹೋಗುತ್ತದೆ.

6. ನ್ಯಾಯಾಲಯದಲ್ಲಿ ಅರ್ಥ

ಹಾಗಾದರೆ ‘ಅನ್ನಿಸಿಕೊಂಡವರ’ ವರದಿಯನ್ನೇ ಕಾನೂನಿನ ಅಳತೆಗೋಲಾಗಿ ಇಟ್ಟುಕೊಳ್ಳಬಹುದೇ? ಎರಡು ದೇಶಗಳ ಅನುಭವ ಬೇಡವೆನ್ನುತ್ತದೆ.

2010ರ ಜನವರಿಯಲ್ಲಿ ಇಂಗ್ಲೆಂಡಿನ ಡಾಂಕಾಸ್ಟರ್ ಸಮೀಪದ ರಾಬಿನ್ ಹುಡ್ ವಿಮಾನ ನಿಲ್ದಾಣ ಹಿಮಪಾತದಿಂದ ಮುಚ್ಚಿತ್ತು. ಪ್ರಯಾಣಕ್ಕೆ ಕಾದಿದ್ದ ಯುವಕನೊಬ್ಬ, ಬೇಗ ತೆರೆಯದಿದ್ದರೆ ನಿಲ್ದಾಣವನ್ನೇ ಉಡಾಯಿಸುವೆನೆಂಬ ಅರ್ಥದ ಉತ್ಪ್ರೇಕ್ಷೆಯ ಮಾತನ್ನು ಟ್ವಿಟರ್‌ನಲ್ಲಿ ಬರೆದ. ಅವನ ಹಿಂಬಾಲಕರಿಗೆ ಅದು ಸಿಡಿಮಿಡಿಯ ತಮಾಷೆ. ನಿಲ್ದಾಣದ ಸಿಬ್ಬಂದಿಯೊಬ್ಬರು ಕೆಲವು ದಿನಗಳ ನಂತರ ಅದನ್ನು ಹುಡುಕುವಾಗ ಕಂಡರು. ನಿಲ್ದಾಣದ ಭದ್ರತಾ ವಿಭಾಗವೂ ಅದನ್ನು ನಂಬಲರ್ಹ ಬೆದರಿಕೆಯೆಂದು ಎಣಿಸಲಿಲ್ಲ. ಆದರೂ 2003ರ ಸಂವಹನ ಕಾಯಿದೆಯ 127ನೆಯ ಕಲಮಿನಡಿ ಅವನಿಗೆ 385 ಪೌಂಡ್ ದಂಡವೂ ಮೊಕದ್ದಮೆಯ ವೆಚ್ಚವೂ ಬಿದ್ದವು. ಮೊದಲ ಮೇಲ್ಮನವಿ ಬಿದ್ದುಹೋಯಿತು. 2012ರ ಜುಲೈನಲ್ಲಿ ಉಚ್ಚ ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿತು. ‘ಟ್ವಿಟರ್ ಜೋಕ್ ಮೊಕದ್ದಮೆ’ ಎಂದು ಹೆಸರಾದ ಈ ಪ್ರಕರಣದಲ್ಲಿ ಎಲ್ಲ ನ್ಯಾಯಾಲಯಗಳ ಮುಂದಿದ್ದುದು ಒಂದೇ ವಾಕ್ಯ.

ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಿಂದ ಸೇರಿದ 66ಎ ಕಲಮು ಇದೇ ಬ್ರಿಟಿಷ್ ಪದಕೋಶವನ್ನು ಹಂಚಿಕೊಂಡಿತ್ತು. ‘ಅತಿಯಾಗಿ ಅವಹೇಳನಕಾರಿ’, ‘ಬೆದರಿಕೆಯ ಸ್ವರೂಪದ’ ಸಂದೇಶಗಳನ್ನು ಅದು ಅಪರಾಧವೆಂದಿತು. ಕೆಲವು ಬಗೆಯ ಸಂದೇಶಗಳಿಗೆ ಕಿರಿಕಿರಿ, ಅನನುಕೂಲಗಳನ್ನೂ ಅಪರಾಧದ ಅಂಶಗಳಾಗಿ ಸೇರಿಸಿತು. ಸರ್ವೋಚ್ಚ ನ್ಯಾಯಾಲಯ 2015ರ ಮಾರ್ಚ್ 24ರಂದು ‘ಶ್ರೇಯಾ ಸಿಂಘಲ್’ ಪ್ರಕರಣದಲ್ಲಿ ಈ ಕಲಮನ್ನು ಅಸಿಂಧುಗೊಳಿಸಿತು. ಸಂವಿಧಾನದ 19(2)ನೆಯ ವಿಧಿ ಪಟ್ಟಿಮಾಡಿದ ಎಂಟು ಕಾರಣಗಳ ಹೊರಗೆ ವಾಕ್‌ಸ್ವಾತಂತ್ರ್ಯಕ್ಕೆ ಮಿತಿ ಹಾಕಲಾಗದು, ಚರ್ಚೆ ಮತ್ತು ಪ್ರತಿಪಾದನೆ ಎಷ್ಟೇ ಅಪ್ರಿಯವಾದರೂ ಪ್ರಚೋದನೆಯ ಮಟ್ಟ ಮುಟ್ಟಿದಾಗಲೇ ನಿರ್ಬಂಧಕ್ಕೆ ಎಡೆ ಎಂಬುದು ತೀರ್ಪಿನ ಒಂದು ನೆಲೆ. ಭಾಷಾವಿಜ್ಞಾನಿಗಳಿಗೆ ಇನ್ನೂ ಮುಖ್ಯವಾದುದು ಎರಡನೆಯ ನೆಲೆ, ಅಸ್ಪಷ್ಟತೆಯದು. ನ್ಯಾಯಾಲಯ ಮೇಲಿನ ಟ್ವಿಟರ್ ಪ್ರಕರಣವನ್ನೂ, 2006ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಕೆಳ ನ್ಯಾಯಾಲಯಗಳ ತೀರ್ಪನ್ನು ತಿರುಗಿಸಿದ ಕಾಲಿನ್ಸ್ ಪ್ರಕರಣವನ್ನೂ ಎದುರಿಗಿಟ್ಟುಕೊಂಡಿತು. ತರಬೇತಾದ ನ್ಯಾಯಾಧೀಶರೇ ಒಂದೇ ಸಂಗತಿಯ ಮೇಲೆ ವಿರುದ್ಧ ತೀರ್ಮಾನಗಳಿಗೆ ಬರುವುದಾದರೆ, ಸಾಮಾನ್ಯ ಪ್ರಜೆ ತನ್ನ ಮಾತು ಗೆರೆಯ ಯಾವ ಕಡೆಗಿದೆಯೆಂದು ತಿಳಿಯುವುದು ಹೇಗೆ ಎಂಬುದು ಅದರ ತರ್ಕ.

ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ‘ಅವಹೇಳನಕಾರಿ’ ಎಂಬುದು ವಾಕ್ಯದ ಗುಣವಲ್ಲ. ವಾಕ್ಯ, ಆಡಿದವರು, ಕೇಳಿದವರು, ದೇಶಕಾಲ ಇವುಗಳ ಸಂಬಂಧ ಅದು. ಸಂಬಂಧವನ್ನು ಗುಣವೆಂದು ಬರೆದ ಕಾನೂನು ಅಸ್ಪಷ್ಟವಾಗದೆ ವಿಧಿಯಿಲ್ಲ. ಸೆರೆಮನೆಯ ಬಾಗಿಲು ಅಂಥ ಪದದ ಮೇಲೆ ತೆರೆದುಕೊಳ್ಳಬಾರದು.

7. ಉಪಸಂಹಾರ

ಆದರೆ ಈ ತೀರ್ಪಿನಿಂದ ಹೊರಡದ ಒಂದು ನಿರ್ಣಯವನ್ನು ಜನ ಹೊರಡಿಸುವುದುಂಟು: ಕಾನೂನು ಶಿಕ್ಷಿಸದ ಮಾತನ್ನು ಸಮುದಾಯವೂ ಪ್ರಶ್ನಿಸಕೂಡದು ಎಂಬುದು. ನಮ್ಮ ಗುಂಪಿನಲ್ಲಿ ‘ಮಾತಾಡುವ ಸ್ವಾತಂತ್ರ್ಯವೂ ಇಲ್ಲವೇ’ ಎಂದು ಕೇಳಿದಾಗ ಆದದ್ದು ಇದೇ. ಯಾವ ಅಧಿಕಾರವೂ ಅಲ್ಲಿ ಯಾರನ್ನೂ ತಡೆದಿರಲಿಲ್ಲ. ಒಬ್ಬ ಸದಸ್ಯೆ ಉತ್ತರ ಕೊಟ್ಟಿದ್ದರು, ಅಷ್ಟೆ. ಉತ್ತರವನ್ನು ನಿಷೇಧವೆಂದು ಕರೆದುದರಿಂದ ಉತ್ತರ ಕೊಡುವ ಸ್ವಾತಂತ್ರ್ಯವೇ ಕುಗ್ಗಿತು. ರೇ ಲ್ಯಾಂಗ್ಟನ್ (1993) ವಿವರಿಸಿದ ಒಂದು ಬಗೆಯ ಮೌನಗೊಳಿಸುವಿಕೆ ಇಲ್ಲಿಗೆ ಹೊಂದುತ್ತದೆ: ಪದಗಳು ಬಾಯಿಂದ ಹೊರಡುತ್ತವೆ, ಉದ್ದೇಶಿಸಿದ ವಾಕ್‌ಕ್ರಿಯೆಯಾಗಿ ಸ್ವೀಕೃತವಾಗುವುದಿಲ್ಲ. ಆ ಸದಸ್ಯೆ ದೂರಿದರು. ಗುಂಪು ಅದನ್ನು ಮುನಿಸೆಂದು ಕೇಳಿಸಿಕೊಂಡಿತು. ಗುಂಪಿನಿಂದ ಹೊರನಡೆಯುವುದು ಮಾತ್ರ ಅವರ ಪಾಲಿಗೆ ತಪ್ಪು ತಿಳಿಯಲಾಗದ ಉಕ್ತಿಯಾಗಿ ಉಳಿಯಿತು.

ಹಾಗಾಗಿ ಆರಂಭದ ಮೂರು ಪ್ರಶ್ನೆಗಳಿಗೆ ಮೂರು ಬೇರೆ ಸಾಕ್ಷಿಗಳು ಬೇಕು. ಉದ್ದೇಶವೇನೆಂಬ ಮೊದಲ ಪ್ರಶ್ನೆಗೆ ಆಡಿದವರ ಮಾತಿಗೆ ತೂಕವಿದೆ. ‘ತಮಾಷೆಗೆ ಅಂದೆ’ ಅಲ್ಲಿ ಸಲ್ಲುತ್ತದೆ. ಮಾತು ಏನು ಮಾಡಿತೆಂಬ ಎರಡನೆಯ ಪ್ರಶ್ನೆಗೆ ಪೂರ್ವಕಲ್ಪನೆ, ಅನ್ಯಸನ್ನಿಧಿ, ಅನ್ನಿಸಿಕೊಂಡವರ ವರದಿ ಎಲ್ಲವೂ ಬೇಕು, ಭಾಷಾವಿಜ್ಞಾನಕ್ಕೆ ಹೇಳಲು ಇರುವುದು ಮುಖ್ಯವಾಗಿ ಇಲ್ಲಿಯೇ. ಏನು ಮಾಡಬೇಕೆಂಬ ಮೂರನೆಯ ಪ್ರಶ್ನೆಗೆ ಎರಡನೆಯದರ ಉತ್ತರ ತಾನಾಗಿ ಉತ್ತರವಾಗುವುದಿಲ್ಲ. ಪ್ರಭುತ್ವವು ದೂರದಿಂದ, ಸಂದರ್ಭವನ್ನು ಕಳೆದುಕೊಂಡು, ದಂಡನೆಯ ಬಲದೊಡನೆ ಬರುತ್ತದೆ. ಅದರ ಕೈ ಕಟ್ಟಿರುವುದೇ ಲೇಸು. ಸಮುದಾಯಕ್ಕೆ ಸಂದರ್ಭ ಗೊತ್ತು. ಅದರ ಬಳಿ ಇರುವ ಸಾಧನಗಳೂ ಹಗುರ: ಎದುರು ಮಾತು, ರಾಟ್13ರಂಥ ಏರ್ಪಾಡು, ನಗದೆ ಇರುವುದು. ಕಾನೂನು ಹಿಂದೆ ಸರಿದ ಜಾಗದಲ್ಲಿ ಸಮುದಾಯದ ಹೊಣೆ ಹೆಚ್ಚುತ್ತದೆಯೇ ಹೊರತು ತೀರುವುದಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಮೆಕಾರ್ಥಿಯವರ ಪಕ್ಷ ಗೆದ್ದದ್ದು ಸರಿ ಎಂದುಕೊಳ್ಳುತ್ತಲೇ, ಆ ನವೆಂಬರಿನಲ್ಲಿ ಆ ನಗೆಹನಿಗೆ ನಗದವರ ಪಕ್ಷವೂ ಸರಿ ಎನ್ನುವುದರಲ್ಲಿ ವಿರೋಧವಿಲ್ಲ.

ನಮ್ಮ ಗುಂಪಿನ ಆ ಸಂದೇಶಕ್ಕೆ ದಂಡನೆ ಬೇಕಿರಲಿಲ್ಲ, ಅಳಿಸುವುದೂ ಬೇಕಿರಲಿಲ್ಲ. ‘ಇದರಲ್ಲಿ ನಗಲು ಅವರ ಭಾಷೆ ಕೀಳೆಂದು ಒಪ್ಪಿಕೊಳ್ಳಬೇಕಾಗುತ್ತದೆ, ನಾನು ಒಪ್ಪುವುದಿಲ್ಲ’ ಎಂಬ ಒಂದು ಸಾಲು ಸಾಕಿತ್ತು. ಪೂರ್ವಕಲ್ಪನೆಯನ್ನು ಮೇಲಕ್ಕೆತ್ತಿ ಹೆಸರಿಸುವ ಆ ಕೆಲಸವನ್ನು ನಾವು ತರಗತಿಯಲ್ಲಿ ದಿನವೂ ಮಾಡುತ್ತೇವೆ. ಗುರಿಯಾದವರೇ ಅದನ್ನು ಮಾಡಬೇಕಾಗಿ ಬಂದಾಗ ಅದು ಮುನಿಸಾಗಿ ಕೇಳಿಸುತ್ತದೆ. ಪಕ್ಕದಲ್ಲಿರುವವರು ಮಾಡಿದಾಗ ಆ ಅಪಾಯ ಕಡಿಮೆ. ಅನ್ಯಸನ್ನಿಧಿ ಅರ್ಥವನ್ನು ಬದಲಿಸುತ್ತದೆ ಎಂಬ ಮಮ್ಮಟನ ಮಾತನ್ನು ಒಪ್ಪುವುದಾದರೆ, ಆ ದಿನ ಅನ್ಯರಾಗಿದ್ದವರು ನಾವು.